ಓರೆಯಾಗಿ ನಿಂತ ಚೂರು

"ಇನ್ನೊಂದು ಬಾಚಣಿಗೆ ಇದೆಯಾ ಚಿಕ್ಕಮ್ಮ? ಎರಡಿದ್ರೆ ತೋರಿಸ್ತೀನಿ."

ತಲೆ ಬಾಚಿಕೋ ಎಂದು ಕೊಟ್ಟ ಬಿಳಿ ಬಾಚಣಿಗೆಯನ್ನು ಪುಟ್ಟಿ ತಲೆಗೆ ಮುಟ್ಟಿಸಿರಲಿಲ್ಲ. ಠಾಣೆಯ ಆ ಇಕ್ಕಟ್ಟಾದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ ಒಬ್ಬ ಪೇದೆ. ಸಂಜೆಗೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಾದ ಹುಡುಗಿ ಬಾಚಣಿಗೆ ಇಟ್ಟುಕೊಂಡು ಆಟಕ್ಕೆ ಕೂತಿದ್ದಾಳಲ್ಲ ಎಂದು ಚಿಕ್ಕಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಆದರೂ ಚೀಲ ಕೆದಕಿ ತಮ್ಮ ಕರಿ ಬಾಚಣಿಗೆ ತೆಗೆದುಕೊಟ್ಟರು.

ನಿನ್ನೆ ಮಧ್ಯಾಹ್ನ ಯಾರೋ ಪ್ರಯೋಗಾಲಯದ ದೊಡ್ಡ ಮೇಷ್ಟ್ರನ್ನು ತೇವ ತಾಗಬಾರದ ಸಾಮಾನು ಇಡುವ ಒಣಕೋಣೆಯಲ್ಲಿ ಕೂಡಿ, ಹೊರಗಿನಿಂದ ಬೀಗ ಹಾಕಿ, ಒಳಗೆ ನೈಟ್ರೋಜನ್ ಬಿಟ್ಟಿದ್ದರು. ಉಸಿರಾಡುವ ಗಾಳಿ ಕಡಿಮೆಯಾದರೆ ಕೂಗಿಕೊಳ್ಳಬೇಕಾದ ಗಾಳಿ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತುಹಾಕಿದ್ದರು. ಮುದುಕ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಬೀಗದ ಕೈ ಸಿಕ್ಕಿದ್ದು ಪುಟ್ಟಿಯ ಕೋಟಿನ ಜೇಬಿನಲ್ಲಿ.

ಪುಟ್ಟಿ ಅವರ ಶಿಷ್ಯೆ. ಅದರ ಹಿಂದಿನ ದಿನವಷ್ಟೇ ಇಬ್ಬರಿಗೂ ಎಲ್ಲರ ಎದುರಿಗೇ ಜಗಳವಾಗಿತ್ತು. ಆ ಹೊತ್ತಿಗೆ ಎಲ್ಲಿದ್ದೆ ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: ಬೀದಿಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ನೋಡಿದವರು ಯಾರೂ ಇಲ್ಲ.

"ಇವೆರಡೂ ಒಂದೇ ಜೋಡಿದಲ್ವಾ?" ಎಂದಳು ಪುಟ್ಟಿ, ಹಲ್ಲುಗಳನ್ನು ಬೆಳಕಿಗೆ ಹಿಡಿದು.

"ಹೂಂ. ನಾನೂ ನಿಮ್ಮಮ್ಮನೂ ಒಂದೇ ಅಂಗಡೀಲಿ ತಗೊಂಡಿದ್ದು. ಬೆಳಗ್ಗೆ ರೈಲಿಳಿದು ಮನೆಗೆ ಬಂದವಳೇ ಮೊದಲು ತನ್ನ ಈ ಬಿಳಿದನ್ನ ಚೀಲದಿಂದ ತೆಗೆದು ಕೊಟ್ಲು. ಅವಳು ತಲೆ ಬಾಚಿರಲ್ಲ ಕಣೆ, ಕೊಟ್ಟು ಬಾ ಅಂತ. ಬೇರೆ ಏನೂ ಮಾತಾಡ್ಲಿಲ್ಲ, ಒಂದು ಗುಟುಕು ಚಹಾನೂ ಕುಡೀಲಿಲ್ಲ."

ಪುಟ್ಟಿಯ ಕೈ ಒಂದು ಕ್ಷಣ ನಿಂತಿತು. "ಅಮ್ಮ ಇವತ್ತು ಬೆಳಗ್ಗೆ ಬಂದ್ಲಾ?"

"ವಿಷಯ ಗೊತ್ತಾದ ತಕ್ಷಣ ಹೊರಟಳಂತೆ. ಅದಿರಲಿ, ನೀನು ಮೊದಲು ನಿನ್ನ ಕತೆ ನೋಡ್ಕೋ. ನಿಮ್ಮ ದೊಡ್ಡ ಮೇಷ್ಟ್ರ ಕೈಕೆಳಗಿನ ಆ ಮೆತ್ತನೆ ಮೇಷ್ಟ್ರು ಅದೇ ಹೊತ್ತಿಗೆ ಮಹಡಿ ಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತಿದ್ರಂತೆ, ಸಾಕ್ಷಿಗೆ ಎರಡು ಚಿತ್ರ ಇದೆಯಂತೆ. ಇನ್ಸ್‌ಪೆಕ್ಟರ್ ಅದನ್ನ ನೋಡಿ ಅವರನ್ನ ಕೈಬಿಟ್ಟ. ಒಂದು ಚಿತ್ರದಲ್ಲಿ ಅದೇನೋ ಚೂರು ಹೊರಗಿದೆ, ಇನ್ನೊಂದರಲ್ಲಿ ಒಳಗಿದೆ, ಮನುಷ್ಯರು ಸರಿಸದೆ ಅದು ಹೇಗೆ ಸರಿಯುತ್ತೆ ಅಂತಾನೆ. ನನಗೆ ತಿಳಿಯೋ ಹಾಗೆ ಹೇಳು."

"ಎರಡೇ ಚಿತ್ರಾನಾ?"

"ಎರಡೇ."

"ಸರಿಯಾಗಿ ಕೇಳಿದ್ಯಾ? ಎರಡೇನಾ?"

ಚಿಕ್ಕಮ್ಮ ತಲೆಯಾಡಿಸಿದರು. ಹುಡುಗಿಯ ಭುಜ ಅಷ್ಟು ಇಳಿದದ್ದು ಅವರ ಕಣ್ಣಿಗೆ ಬಿತ್ತು. ಸಮಾಧಾನವೋ ಸುಸ್ತೋ ಗೊತ್ತಾಗಲಿಲ್ಲ. ಅದಕ್ಕೆ ಆಗ ತಲೆ ಕೆಡಿಸಿಕೊಳ್ಳಲಿಲ್ಲ.

"ಅವರನ್ನ ಬಿಟ್ಟುಬಿಡು ಚಿಕ್ಕಮ್ಮ. ಅವರಿಗೆ ಒಂದು ಇರುವೆ ಸಾಯಿಸೋ ಧೈರ್ಯನೂ ಇಲ್ಲ."

"ಅದನ್ನ ನಾನು ನೋಡ್ಕೋತೀನಿ. ನೀನು ಬಾಚಣಿಗೆ ತೋರಿಸು."

ಕೆಲಸದ ಮಾತು ಬಂದರೆ ಪುಟ್ಟಿ ಬಾಯಿ ಕಟ್ಟಿಕೊಂಡು ಕೂರುವವಳಲ್ಲ. ಒಂದು ಬಾಚಣಿಗೆಯ ಹಲ್ಲುಗಳ ಮೇಲೆ ಇನ್ನೊಂದರ ಹಲ್ಲುಗಳನ್ನು ಮಲಗಿಸಿ ಒತ್ತಿದಳು. ಹಲ್ಲುಗಳೆಲ್ಲ ಸಂದುಗಳಿಗೆ ಇಳಿದು ಕೂತವು. ಅಡ್ಡಕ್ಕೆ ಎಳೆದರೆ ಕರ್ ಎಂದು ಸದ್ದಾಯಿತೇ ಹೊರತು ಅಲುಗಲಿಲ್ಲ. ಆಮೇಲೆ ಮೇಲಿನದನ್ನು ಸ್ವಲ್ಪವೇ ಓರೆ ಮಾಡಿದಳು. ಈಗ ಬೆರಳು ತಾಗಿಸಿದರೆ ಸಾಕು, ಸರ್ರನೆ ಜಾರಿತು.

"ಪೆನ್ಸಿಲ್ ಕಡ್ಡೀಲಿ ಇರೋದು ಗ್ರಾಫೈಟು. ಹಾಳೆ ಮೇಲೆ ಹಾಳೆ. ಒಂದೊಂದು ಹಾಳೆಯೂ ಜೇನುಗೂಡಿನ ಥರ ಸಾಲು ಸಾಲು. ಸಾಲಿಗೆ ಸಾಲು ಸರಿಯಾಗಿ ಕೂತ್ರೆ ಸಿಕ್ಕಿಬೀಳುತ್ತೆ. ಸ್ವಲ್ಪ ಓರೆಯಾದ್ರೆ ಯಾವ ಹಲ್ಲಿಗೂ ತನ್ನ ಸಂದು ಸಿಗಲ್ಲ. ಆಗ ಘರ್ಷಣೆ ಅನ್ನೋದು ಇಲ್ಲವೇನೋ ಅನ್ನೋಷ್ಟು ಕಡಿಮೆ. ನಾವು ಕೆಲಸ ಮಾಡೋ ಚೂರುಗಳು ಒಂದು ಕೂದಲಿನ ಅಗಲಕ್ಕೆ ಹತ್ತಾರು ಕೂರುತ್ತವೆ, ಅಷ್ಟು ಸಣ್ಣವು. ಹೊರಗೆ ನೆಟ್ಟಗೆ ಕಂಡ್ರೂ ಅವುಗಳ ಒಳಗಿನ ಸಾಲು ಮೊದಲೇ ಓರೆ. ಸೂಜೀಲಿ ತಳ್ಳಿದ್ರೆ ಮೇಲಿನ ಅರ್ಧ ಹೊರಗೆ ಜಾರುತ್ತೆ."

"ಆಮೇಲೆ?"

"ಆಮೇಲೆ ಸೂಜಿ ತೆಗೆದ್ರೆ ತಾನಾಗೇ ವಾಪಸ್ ಮನೆಗೆ ಓಡುತ್ತೆ."

ಚಿಕ್ಕಮ್ಮ ಕುರ್ಚಿಯ ಅಂಚಿಗೆ ಸರಿದರು. "ಏನಂದೆ?"

"ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಒಂದನ್ನೊಂದು ಪೂರ್ತಿ ಮುಚ್ಚಿಕೊಳ್ಳೋ ಸೆಳೆತ. ತಡೆಯೋಕೆ ಘರ್ಷಣೆ ಇಲ್ವಲ್ಲ, ಹಾಗಾಗಿ ಓಡುತ್ತೆ. ಯಾರೂ ಮುಟ್ಟಬೇಕಾಗಿಲ್ಲ. ನಮ್ಮ ಸೂಜಿಯ ತೋಳು ಬೇರೆ ಸಡಿಲ, ಹಾಗೇ ಬಿಟ್ಟು ಹೋದ್ರೆ ಸ್ವಲ್ಪ ಹೊತ್ತಿಗೆ ತಾನೇ ಪಕ್ಕಕ್ಕೆ ಜಾರಿಬಿಡುತ್ತೆ. ನನಗಂತೂ ಅದರಿಂದ ಸಾಕಾಗಿಹೋಗಿತ್ತು. ಅದಕ್ಕೇ ನಾನು ಏಳೋ ಮುಂಚೆ ಯಾವಾಗಲೂ..."

ಮಾತು ಅಲ್ಲಿಗೆ ನಿಂತಿತು. ಬಾಗಿಲ ಬಳಿಯ ಪೇದೆ ಗಂಟಲು ಸರಿಮಾಡಿಕೊಂಡ, ಹೊತ್ತಾಯಿತು ಎಂಬಂತೆ.

"ಯಾವಾಗಲೂ ಏನು?"

"ಏನಿಲ್ಲ. ಕೈ ತೊಳ್ಕೋತೀನಿ ಅಂತ."

ಬಾಚಣಿಗೆ ಒಳಗಿಟ್ಟುಕೊಳ್ಳಲು ಬಿಡುವುದಿಲ್ಲ ಎಂದ ಪೇದೆ. ಪುಟ್ಟಿ ಬಿಳಿ ಬಾಚಣಿಗೆಯನ್ನು ಅಂಗಿಯ ಅಂಚಿನಿಂದ ಹಿಂದೆ ಮುಂದೆ ಗಸಗಸ ಒರೆಸಿ, ಹಲ್ಲಿನ ಕಡೆಯಿಂದ ಹಿಡಿದು ವಾಪಸ್ ಕೊಟ್ಟಳು. ಒಂದು ಧೂಳಿನ ಕಣ ಬಿದ್ದರೆ ಚೂರು ನಿಂತೇಹೋಗುತ್ತದಂತೆ, ಹಾಗಾಗಿ ಆ ಪ್ರಯೋಗಾಲಯದವರಿಗೆ ಕಂಡಕಂಡದ್ದನ್ನೆಲ್ಲ ಒರೆಸುವ ಚಾಳಿ. ಚಿಕ್ಕಮ್ಮ ಹಾಗೆಂದುಕೊಂಡು ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡರು.

"ಅಮ್ಮನಿಗೆ ಹೇಳು, ತಲೆ ಬಾಚ್ಕೊಂಡೆ ಅಂತ," ಎಂದಳು ಪುಟ್ಟಿ.

*

ಸೂಕ್ಷ್ಮದರ್ಶಕದ ಕೋಣೆಗೆ ಬರುವಷ್ಟರಲ್ಲಿ ಚಿಕ್ಕಮ್ಮನ ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ಮೆಟ್ಟಿಲು ಹತ್ತಿದ್ದಕ್ಕಲ್ಲ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದ ಹೆಂಗಸು ಅವರು. ಎಂಥೆಂಥ ಕೊಲೆಗಡುಕರ ಬೆರಳು ಹಿಡಿದು ಶಾಯಿಗೆ ಒತ್ತಿದವರು. ಇವತ್ತು ಬಾಗಿಲ ಹಿಡಿಯನ್ನು ಎರಡು ಸಲ ತಪ್ಪು ದಿಕ್ಕಿಗೆ ತಿರುಗಿಸಿದರು. ಆಗಿನವರು ಯಾರೂ ಅಕ್ಕನ ಮಗಳಾಗಿರಲಿಲ್ಲ.

ಇಲಾಖೆಯಲ್ಲಿ ಅವರ ಬಗ್ಗೆ ಒಂದು ತಮಾಷೆಯಿತ್ತು. ಚಿಕ್ಕಮ್ಮ ಮನುಷ್ಯರ ಮುಖ ಮರೆಯುತ್ತಾರೆ, ಬೆರಳು ಮರೆಯುವುದಿಲ್ಲ ಎಂದು. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತಾಗ ಗಂಡ ತಟ್ಟೆ ಸರಿಸಿ, ನಾನೇನು ಕಳ್ಳನಾ, ನನ್ನ ಬೆರಳನ್ನೇ ನೋಡ್ತೀಯಲ್ಲ ಎಂದಿದ್ದರು. ಅವತ್ತಿನಿಂದ ಮನೆಯವರ ಬೆರಳು ನೋಡುವುದಿಲ್ಲ ಎಂದು ಚಿಕ್ಕಮ್ಮ ತಮಗೆ ತಾವೇ ಕಟ್ಟು ಹಾಕಿಕೊಂಡರು. ಗಂಡ ತೀರಿಹೋದ ಮೇಲೂ ಆ ಕಟ್ಟು ಮುರಿದಿರಲಿಲ್ಲ.

"ಬನ್ನಿ ಮೇಡಂ," ಎಂದ ಇನ್ಸ್‌ಪೆಕ್ಟರ್. ಹಿಂದೆ ಅವರ ಕೈಕೆಳಗೆ ಪುಡಿ ಡಬ್ಬಿ ಹೊತ್ತು ತಿರುಗಿದ ಹುಡುಗ. ಈಗ ಹೊಟ್ಟೆ ಬಂದಿದೆ, ಮೀಸೆಯೂ ಬಂದಿದೆ. "ನಿಮ್ಮ ಮೇಲಿನ ಗೌರವಕ್ಕೆ ಬಂದೆ. ಸಂಜೆಗೆ ಹುಡುಗೀನ ಕರ್ಕೊಂಡು ಹೋಗಲೇಬೇಕು, ನನ್ನ ಕೈ ಕಟ್ಟಿಹಾಕಿದ್ದಾರೆ."

"ನನಗೆ ಗೊತ್ತಪ್ಪ. ಜಾಸ್ತಿ ಹೊತ್ತು ಬೇಡ."

"ಪ್ಲಗ್ಗಿನ ಮೇಲಿನ ಗುರುತು ಏನಾಯ್ತು?" ಎಂದ ಇನ್ಸ್‌ಪೆಕ್ಟರ್.

"ಅದೇ. ಯಾರಿಗೂ ಹೊಂದಲ್ಲ."

ನಿನ್ನೆ ಇಲಾಖೆಯ ಬೆರಳಚ್ಚಿನವನು ರಜೆಯಲ್ಲಿದ್ದ. ಹಾಗಾಗಿ ಪುಟ್ಟಿಯ ಹೆಸರು ಬರುವ ಮುಂಚೆ, ಇನ್ಸ್‌ಪೆಕ್ಟರ್ ಕರೆದನೆಂದು, ಪ್ಲಗ್ಗಿನ ಮೇಲಿನ ಗುರುತನ್ನು ಚಿಕ್ಕಮ್ಮನೇ ಎತ್ತಿದ್ದರು. ಒಂದು ಎಡ ಹೆಬ್ಬೆರಳು. ಗೆರೆಗಳನ್ನು ಅಡ್ಡಡ್ಡ ಸೀಳಿದ ಒಂದು ಹಳೇ ಗಾಯದ ಬಿಳಿ ಗೆರೆ, ಕೆಳಗೆ ಎರಡು ಕವಲು. ಪುಟ್ಟಿಯದಲ್ಲ, ಮೆತ್ತನೆ ಮೇಷ್ಟ್ರದಲ್ಲ, ದೊಡ್ಡ ಮೇಷ್ಟ್ರದೂ ಅಲ್ಲ. ಯಾವುದೋ ಕರೆಂಟ್ ಕೆಲಸದವನದು ಇರಬೇಕೆಂದು ಇನ್ಸ್‌ಪೆಕ್ಟರ್ ಅದನ್ನು ಬದಿಗಿಟ್ಟಿದ್ದ. ಟೇಪು ಅಂಟಿಸಿದ ಆ ಕಾರ್ಡು ಚಿಕ್ಕಮ್ಮನ ಚೀಲದಲ್ಲೇ ಇತ್ತು.

ಮೆತ್ತನೆ ಮೇಷ್ಟ್ರು ಎದ್ದು ನಿಂತು ಕುರ್ಚಿ ತೋರಿಸಿದರು. ಪ್ರಯೋಗಾಲಯದಲ್ಲಿ ದೊಡ್ಡ ಮೇಷ್ಟ್ರ ನಂತರದ ಸ್ಥಾನ ಅವರದು. ದನಿ ಮೆತ್ತಗೆ, ಹೆಜ್ಜೆ ಮೆತ್ತಗೆ, ಬಾಗಿಲು ಹಾಕಿದರೂ ಸದ್ದಾಗದಂಥ ಮನುಷ್ಯ. ಇವತ್ತು ಮಾತ್ರ ಅವರ ಕನ್ನಡಕ ಪದೇಪದೇ ಮೂಗಿನಿಂದ ಜಾರುತ್ತಿತ್ತು.

"ಪಾಪ, ಪುಟ್ಟಿ ಹೇಗಿದ್ದಾಳೆ ತಾಯಿ?"

"ಇದ್ದಾಳೆ," ಎಂದರು ಚಿಕ್ಕಮ್ಮ, ಕೋಣೆಯನ್ನೊಮ್ಮೆ ನೋಡಿ.

ಅಲುಗದಂಥ ಭಾರದ ಮೇಜು, ಅದರ ಮೇಲೆ ಸೂಕ್ಷ್ಮದರ್ಶಕ, ಪಕ್ಕದಲ್ಲಿ ಸೂಜಿ ಹಿಡಿದ ಸಣ್ಣ ತೋಳು, ಅದನ್ನು ನಡೆಸಲು ಎರಡು ತಿರುಗಣೆ. ಎದುರಿಗೆ ಪರದೆ. ಕಿಟಕಿಯಾಚೆ ನಡು ಅಂಗಳ. ಅಂಗಳದಾಚೆ ಎದುರು ಭಾಗದ ಓಣಿ, ಓಣಿಯ ಕೊನೆಗೆ ಒಣಕೋಣೆಯ ನೀಲಿ ಬಾಗಿಲು. ಆ ಬಾಗಿಲ ಮುಂದೆ ಈಗ ಪೇದೆಯೊಬ್ಬ ಕಾಲು ಬದಲಿಸುತ್ತ ನಿಂತಿದ್ದ.

"ಆ ಎರಡು ಚಿತ್ರ ಇನ್ನೊಮ್ಮೆ ತೋರಿಸಿ."

ಪರದೆಯ ಮೇಲೆ ಮೊದಲನೆಯದು ಬಂತು. ಬೂದು ಬಯಲಿನಲ್ಲಿ ಪುಟ್ಟ ಪುಟ್ಟ ಚೌಕಗಳ ಸಾಲು. ಒಂದು ಚೌಕ ಮಾತ್ರ ತನ್ನ ಬುಡದಿಂದ ಅರ್ಧ ಹೊರಗೆ ಸರಿದಿದೆ, ಪಕ್ಕಕ್ಕೆ ಸೂಜಿಯ ಕರಿ ನೆರಳು ಒತ್ತಿ ನಿಂತಿದೆ. ಎರಡನೆಯದರಲ್ಲಿ ಅದೇ ಚೌಕ ತನ್ನ ಜಾಗದಲ್ಲಿ ನೆಟ್ಟಗೆ ಕೂತಿದೆ.

"ಏನಾದ್ರೂ ಅಲುಗಿದರೆ ಮಾತ್ರ ಈ ಕ್ಯಾಮೆರಾ ಚಿತ್ರ ತೆಗೆಯುತ್ತೆ," ಎಂದರು ಮೆತ್ತನೆ ಮೇಷ್ಟ್ರು. "ಎರಡನೇದು ಆ ದುರ್ಘಟನೆಯ ಹೊತ್ತಿನದು. ಆಗ ನಾನು ಇಲ್ಲೇ ಚೂರನ್ನ ಒಳಗೆ ಸರಿಸ್ತಾ ಇದ್ದೆ. ಇನ್ಸ್‌ಪೆಕ್ಟರ್ ಸಾಹೇಬರಿಗೆ ಎಲ್ಲ ಹೇಳಿದ್ದೀನಿ."

"ಒಳಗೆ ಸರಿಸಿದ್ರಿ. ಹೇಗೆ?"

"ಸೂಜಿಯಿಂದ."

"ಒಂದ್ಸಲ ಮಾಡಿ ತೋರಿಸ್ತೀರಾ?"

"ಯಂತ್ರ ತಣ್ಣಗಿದೆ ತಾಯಿ. ಹವೆ ಬೇರೆ ಸರಿಯಿಲ್ಲ. ಒಂದು ಗಂಟೆಯಾದ್ರೂ ಬೇಕಾಗುತ್ತೆ."

"ದೀಪ ಉರೀತಾ ಇದೆ, ಪರದೆ ಮೇಲೆ ಚೂರು ಕಾಣ್ತಾ ಇದೆ. ಇನ್ನು ಯಂತ್ರಕ್ಕೆ ಕಾಫಿ ಕೊಡಬೇಕಾ?"

ಇನ್ಸ್‌ಪೆಕ್ಟರ್ ಮೀಸೆಯಡಿಯಲ್ಲೇ ನಕ್ಕ. ಮೆತ್ತನೆ ಮೇಷ್ಟ್ರು ಒಲ್ಲದ ಮನಸ್ಸಿನಿಂದ ಕೂತು ತಿರುಗಣೆ ಹಿಡಿದರು. ಪರದೆಯ ಮೇಲೆ ಸೂಜಿ ಮೆಲ್ಲಗೆ ಬಂದು ಒಂದು ಚೌಕಕ್ಕೆ ತಾಗಿತು. ಚೌಕ ಎಣ್ಣೆಯ ಮೇಲಿದ್ದಂತೆ ಸರಿಯಿತು, ಅರ್ಧ ಹೊರಗೆ ಬಂದು ನಿಂತಿತು.

"ಈಗ ಸೂಜಿ ಎತ್ತಿ," ಎಂದರು ಚಿಕ್ಕಮ್ಮ.

ಮೇಷ್ಟ್ರ ಕೈ ಅಲ್ಲೇ ಉಳಿಯಿತು.

"ಎತ್ತಿ ಮೇಷ್ಟ್ರೇ."

"ಅದು... ಎತ್ತಿದ್ರೆ..."

"ಎತ್ತಿದ್ರೆ ಏನಾಗುತ್ತೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಇವನಿಗೆ ಗೊತ್ತಿಲ್ಲ. ಇವನು ನೋಡ್ಲಿ."

ಸೂಜಿ ಮೇಲೆದ್ದಿತು. ಇನ್ಸ್‌ಪೆಕ್ಟರ್ ರೆಪ್ಪೆ ಬಡಿಯುವಷ್ಟರಲ್ಲಿ ಚೌಕ ತನ್ನ ಬುಡದ ಮೇಲೆ ಹೋಗಿ ಕೂತಿತ್ತು. ಹೋದದ್ದು ಕಾಣಲೇ ಇಲ್ಲ. ಮೊದಲು ಹೊರಗಿತ್ತು, ಈಗ ಒಳಗಿದೆ, ಅಷ್ಟೇ.

"ಇದನ್ನ ಯಾರು ಸರಿಸಿದ್ದು?" ಎಂದ ಇನ್ಸ್‌ಪೆಕ್ಟರ್, ಪರದೆಯ ಹಿಂದೆ ಇಣುಕಿ.

"ಯಾರೂ ಇಲ್ಲ. ಈ ಚೂರಿಗೂ ಅದರ ಬುಡಕ್ಕೂ ನಡುವೆ ಘರ್ಷಣೆಯೇ ಇಲ್ಲ. ಬಿಟ್ಟರೆ ಮನೆಗೆ ಓಡುತ್ತೆ. ಇವರು ಅದನ್ನ ಸೂಜಿಯಿಂದ ಒತ್ತಿ ಹಿಡಿದು, ತೋಳನ್ನ ಹಾಗೇ ಬಿಟ್ಟು ಎದ್ದು ಹೋಗಿದ್ದಾರೆ. ತೋಳು ಸಡಿಲ, ಅದು ಜಾರಿದೆ. ಚೂರು ಮನೆಗೆ ಬಂದಿದೆ. ಕ್ಯಾಮೆರಾ ಖಾಲಿ ಕೋಣೆಯಲ್ಲೇ ಚಿತ್ರ ತೆಗೆದಿದೆ. ನೀನು ಆ ಖಾಲಿ ಕೋಣೆಯನ್ನ ಇವರ ಸಾಕ್ಷಿ ಅಂತ ನಂಬಿದೆ."

ಇನ್ಸ್‌ಪೆಕ್ಟರ್ ಮುಖ ಹುಳ್ಳಗೆ ಮಾಡಿಕೊಂಡ. ಆಮೇಲೆ ಆ ಮುಖವನ್ನೇ ಗಂಟು ಹಾಕಿ ಮೇಷ್ಟ್ರ ಕಡೆ ತಿರುಗಿದ.

"ಎಲ್ಲಿದ್ರಿ ನೀವು?"

ಮೆತ್ತನೆ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಬೀದಿ ತಿರುವಿನ ಹೋಟೆಲಿನಲ್ಲಿ. ಬೇರೊಂದು ಸಂಸ್ಥೆಯವರು ಕೆಲಸಕ್ಕೆ ಕರೆದಿದ್ರು, ಅವರ ಜೊತೆ ಮಾತಾಡೋಕೆ ಹೋಗಿದ್ದೆ. ದೊಡ್ಡ ಮೇಷ್ಟ್ರಿಗೆ ಗೊತ್ತಾದ್ರೆ ಅವತ್ತೇ ಹೊರಗೆ ಹಾಕ್ತಿದ್ರು. ಬೇಕಾದ್ರೆ ಹೋಟೆಲಿನವರನ್ನ ಕೇಳಿ, ಇಬ್ಬರು ಮೂವರು ನೋಡಿದ್ದಾರೆ."

"ಹಾಗಿದ್ರೆ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಚಿಕ್ಕಮ್ಮನ ದನಿ ಏರಿತು. "ಒಂದು ಹೆಣ್ಣುಮಗು ಠಾಣೇಲಿ ಕೂತಿದೆ. ನಿಮಗೆ ನಿಮ್ಮ ಹೊಸ ಕೆಲಸದ ಚಿಂತೆ."

ಆ ಮನುಷ್ಯನ ಕಣ್ಣಲ್ಲಿ ನೀರಾಡಿತು. ಚಿಕ್ಕಮ್ಮನಿಗೆ ಕನಿಕರ ಹುಟ್ಟಲಿಲ್ಲ. ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ಹೋಟೆಲಿನವರು ಹೌದೆಂದರೆ ಈ ಮನುಷ್ಯ ಬಚಾವು. ಹಾಗಾದರೆ ಉಳಿಯುವುದು ಮತ್ತೆ ಪುಟ್ಟಿಯೊಬ್ಬಳೇ. ಎಷ್ಟೆಲ್ಲ ಮಾಡಿ ಹಗ್ಗವನ್ನು ಹುಡುಗಿಯ ಕುತ್ತಿಗೆಗೇ ಇನ್ನಷ್ಟು ಬಿಗಿದಂತಾಯಿತೇ?

"ಇನ್ನೊಂದಿದೆ," ಎಂದರು ಮೆತ್ತನೆ ಮೇಷ್ಟ್ರು, ನೆಲ ನೋಡುತ್ತ.

"ಇನ್ನೊಂದು ಏನು?"

"ಚಿತ್ರ. ಮೂರನೇದು. ನಾನು ಅದನ್ನ ಬೇರೆ ಕಡೆ ಎತ್ತಿಟ್ಟಿದ್ದೆ. ಅದನ್ನ ತೋರಿಸಿದ್ರೆ ನಾನು ಇಲ್ಲಿ ಇರಲಿಲ್ಲ ಅಂತ ಗೊತ್ತಾಗಿಬಿಡ್ತಿತ್ತು."

*ಎರಡೇನಾ? ಸರಿಯಾಗಿ ಕೇಳಿದ್ಯಾ?* ಪುಟ್ಟಿಯ ದನಿ ಚಿಕ್ಕಮ್ಮನ ಕಿವಿಯಲ್ಲಿ ಮತ್ತೆ ಕೇಳಿತು.

ಮೂರನೇ ಚಿತ್ರ ಪರದೆಗೆ ಬಂತು. ಅದೇ ಸಾಲು, ಅದೇ ಚೌಕ. ಚೌಕ ಮತ್ತೆ ಅರ್ಧ ಹೊರಗಿದೆ. ಆದರೆ ಸೂಜಿ ಎಲ್ಲೂ ಇಲ್ಲ. ಅದನ್ನು ಎತ್ತಿ ದೂರ ಇಟ್ಟಾಗಿದೆ. ಆದರೂ ಚೌಕ ಮನೆಗೆ ಓಡಿಲ್ಲ. ಮಿಕ್ಕ ಚೌಕಗಳೆಲ್ಲ ಒಂದು ದಿಕ್ಕಿಗೆ ನಿಂತಿದ್ದರೆ ಅದೊಂದು ಮಾತ್ರ ಓರೆಯಾಗಿ ನಿಂತಿದೆ.

"ನೀವೀಗ ಬಿಟ್ಟರೆ ಓಡುತ್ತೆ ಅಂದ್ರಲ್ಲ ಮೇಡಂ," ಎಂದ ಇನ್ಸ್‌ಪೆಕ್ಟರ್. "ಇದ್ಯಾಕೆ ಓಡಿಲ್ಲ?"

ಚಿಕ್ಕಮ್ಮ ಚೀಲದಿಂದ ಎರಡೂ ಬಾಚಣಿಗೆ ತೆಗೆದು ಮೇಜಿನ ಮೇಲೆ ಓರೆಯಾಗಿಟ್ಟು ಜಾರಿಸಿದರು. ಹಾಗೇ ಜಾರಿಸುತ್ತ ಮೇಲಿನದನ್ನು ನಿಧಾನ ತಿರುಗಿಸಿದರು. ಒಂದು ಕಡೆ ಬಂದಾಗ ಹಲ್ಲುಗಳು ಟಕ್ಕನೆ ಸಂದಿಗೆ ಇಳಿದು ನಿಂತವು.

"ತಿರುಗಿಸಿ ಕಟ್ಟಿಹಾಕಿದ್ದಾರೆ," ಎಂದರು.

"ಹೌದು," ಎಂದರು ಮೆತ್ತನೆ ಮೇಷ್ಟ್ರು. "ಮೂಲೆಗೆ ಸೂಜಿಯಿಂದ ಒಂದು ಸಣ್ಣ ಪೆಟ್ಟು. ಚೂರು ತಿರುಗಿ, ಹೊರಗೆ ಓರೆ ಕಂಡ್ರೂ ಒಳಗೆ ಸಾಲಿಗೆ ಸಾಲು ಕೂತು ಸಿಕ್ಕಿಬೀಳುತ್ತೆ. ನಾನು ಪ್ರಯತ್ನಪಟ್ಟಿದ್ದೀನಿ, ಆಗಲಿಲ್ಲ. ದೊಡ್ಡ ಮೇಷ್ಟ್ರಿಗೂ ಆಗಲ್ಲ. ಅವರಿಗೂ ಪುಟ್ಟಿಗೂ ಜಗಳ ಬಂದಿದ್ದೇ ಇದಕ್ಕೆ, ಈ ಕೈಚಳಕವನ್ನ ತಮ್ಮದು ಅಂತ ಬರೆದುಕೊಂಡ್ರು ಅಂತ. ಅವಳೊಬ್ಬಳೇ ತಾಯಿ. ಸೀಟಿನಿಂದ ಏಳೋ ಮುಂಚೆ ಕಟ್ಟಿಹಾಕದೇ ಏಳಲ್ಲ. ನಾವೆಲ್ಲ ದೀಪ ಆರಿಸ್ತೀವಲ್ಲ, ಹಾಗೆ."

"ಹೊತ್ತು ಎಷ್ಟಿದೆ ನೋಡಪ್ಪ," ಎಂದರು ಚಿಕ್ಕಮ್ಮ. ಅವರ ದನಿ ಅವರಿಗೇ ಪರಕೀಯವಾಗಿ ಕೇಳಿತು.

ಇನ್ಸ್‌ಪೆಕ್ಟರ್ ಪರದೆಯ ಮೂಲೆಯ ಅಂಕಿಗಳನ್ನು ನೋಡಿದ. ಜೇಬಿನಿಂದ ಚೀಟಿ ತೆಗೆದು ಗಾಳಿ ಪೆಟ್ಟಿಗೆ ನಿಂತುಹೋದ ಹೊತ್ತನ್ನು ನೋಡಿದ. ಮತ್ತೆ ಪರದೆ ನೋಡಿದ.

"ಒಂದೇ ನಿಮಿಷ ಮೇಡಂ. ಅಲ್ಲಿ ಪ್ಲಗ್ ಕಿತ್ತ ನಿಮಿಷಕ್ಕೇ ಇಲ್ಲಿ ಈ ಚೂರು ತಿರುಗಿದೆ."

"ಅಂದ್ರೆ?"

"ಅಂದ್ರೆ ನಿಮ್ಮ ಹುಡುಗಿ ಇಲ್ಲಿದ್ಲು. ಅಂಗಳ ದಾಟಿ ಅಲ್ಲಿಗೆ ಹೋಗೋಕೆ ಮೆಟ್ಟಿಲಿಳಿಯೋದೇ ಅದಕ್ಕಿಂತ ಹೊತ್ತು ಹಿಡಿಯುತ್ತೆ." ಅವನ ಮುಖ ಅರಳಿತು, ಒಳ್ಳೆಯ ಮನುಷ್ಯನೇ ಅವನು. "ಅವಳು ಮಾಡಿಲ್ಲ ಮೇಡಂ. ನಾನು ಈಗಲೇ ಠಾಣೆಗೆ ಫೋನ್ ಮಾಡ್ತೀನಿ."

ಚಿಕ್ಕಮ್ಮ ಹತ್ತಿರದ ಕುರ್ಚಿಯಲ್ಲಿ ಕುಸಿದರು. ನಿನ್ನೆಯಿಂದ ಹಿಡಿದಿಟ್ಟ ಉಸಿರು ಒಂದೇ ಸಲ ಹೊರಬಂತು. ಹುಡುಗಿ ಬದುಕಿಕೊಂಡಳು. ಸಂಜೆ ಮನೆಗೆ ಬರುತ್ತಾಳೆ, ಬಿಸಿನೀರು ಕಾಯಿಸಬೇಕು, ಅಕ್ಕನಿಗೆ ಹೇಳಬೇಕು. ಕೆನ್ನೆ ಒದ್ದೆಯಾಗಿದ್ದನ್ನು ಅವರು ಒರೆಸಿಕೊಳ್ಳಲೂ ಇಲ್ಲ.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ.

ಅವಳು ಇಲ್ಲಿದ್ದಳು. ಹಾಗಿದ್ದರೆ ಬೀದಿಯಲ್ಲಿ ನಡೆಯುತ್ತಿದ್ದೆ ಎಂದದ್ದು ಯಾಕೆ? ಇಲ್ಲಿದ್ದೆ ಎಂದು ಒಂದು ಮಾತು ಹೇಳಿದ್ದರೆ ಠಾಣೆಯ ಮೆಟ್ಟಿಲೇ ಹತ್ತಬೇಕಾಗಿರಲಿಲ್ಲ. ಮೂರನೇ ಚಿತ್ರ ಇಲ್ಲ ಎಂದಾಗ ಆ ಭುಜ ಇಳಿದದ್ದು ಸುಸ್ತಿನಿಂದಲ್ಲ.

ಚಿಕ್ಕಮ್ಮ ಎದ್ದು ಸೂಕ್ಷ್ಮದರ್ಶಕದ ಮುಂದಿನ ಕುರ್ಚಿಯಲ್ಲಿ, ಪುಟ್ಟಿ ಕೂರುವ ಜಾಗದಲ್ಲಿ, ಕೂತರು. ತಲೆ ಎತ್ತಿದರು. ಕಿಟಕಿ. ಕಿಟಕಿಯಾಚೆ ಅಂಗಳ, ಓಣಿ, ನೀಲಿ ಬಾಗಿಲು. ಬಾಗಿಲ ಪಕ್ಕದ ಗೋಡೆಯ ಮೇಲಿನ ಗಾಳಿ ಪೆಟ್ಟಿಗೆ ಸಮೇತ ಕಾಣುತ್ತಿತ್ತು. ಅಲ್ಲಿ ನಿಂತ ಪೇದೆ ಮೂಗು ಕೆರೆದುಕೊಂಡದ್ದೂ ಕಾಣಿಸಿತು.

ಪುಟ್ಟಿ ನೋಡಿದ್ದಾಳೆ. ನೋಡಿ, ಜೀವ ಬಾಯಿಗೆ ಬಂದು ಎದ್ದಿದ್ದಾಳೆ. ಎದ್ದು ಓಡುವಾಗಲೂ ಕೈ ಮಾತ್ರ ತನ್ನ ರೂಢಿಯಂತೆ ಚೂರನ್ನು ಕಟ್ಟಿಹಾಕಿದೆ. ಬೀಗದಲ್ಲೇ ಉಳಿದಿದ್ದ ಬೀಗದ ಕೈ ಅವಳ ಜೇಬಿಗೆ ಸೇರಿದ್ದೂ ಹಾಗೆ ಅಲ್ಲಿಗೆ ಓಡಿದಾಗಲೇ ಇರಬೇಕು. ಆಮೇಲೆ ಇಡೀ ರಾತ್ರಿ ಠಾಣೆಯಲ್ಲಿ ಬಾಯಿ ಬಿಟ್ಟಿಲ್ಲ. ಯಾರಿಗಾಗಿ ಒಂದು ಹುಡುಗಿ ಹೀಗೆ ಬಾಯಿ ಹೊಲಿದುಕೊಂಡು ಜೈಲಿಗೆ ಹೊರಡುತ್ತಾಳೆ?

ಮೇಜಿನ ಮೇಲೆ ಎರಡು ಬಾಚಣಿಗೆ ಬಿದ್ದಿದ್ದವು, ಹಲ್ಲಿಗೆ ಹಲ್ಲು ಕಚ್ಚಿಕೊಂಡು.

ಕರಿದನ್ನು ಪುಟ್ಟಿ ಹಾಗೇ ಕೊಟ್ಟಿದ್ದಳು. ಬಿಳಿದನ್ನು ಮಾತ್ರ ಒರೆಸಿದಳು. ಹಿಂದೆ ಮುಂದೆ, ಗಸಗಸ. ತನ್ನ ಚಿಕ್ಕಮ್ಮನ ಕಣ್ಣು ಏನು ಹುಡುಕುತ್ತದೆ ಎಂದು ಗೊತ್ತಿದ್ದವಳು.

"ಒಂದು ನಿಮಿಷ ಬಂದೆ," ಎಂದು ಚಿಕ್ಕಮ್ಮ ಬಿಳಿ ಬಾಚಣಿಗೆಯನ್ನು ಅಂಚಿನಿಂದ ಹಿಡಿದು, ಚೀಲವನ್ನೂ ಎತ್ತಿಕೊಂಡು ಹೊರಗಿನ ಮೊಗಸಾಲೆಗೆ ಬಂದರು. ಇನ್ಸ್‌ಪೆಕ್ಟರ್ ಫೋನಿನಲ್ಲಿದ್ದ, ಕೈಯಾಡಿಸಿದ.

ಇಲಾಖೆ ಬಿಟ್ಟರೂ ಅವರು ಬಿಡದ ಎರಡು ವಸ್ತು ಚೀಲದ ತಳದಲ್ಲಿದ್ದವು: ಒಂದು ಮೆತ್ತನೆ ಕುಂಚ, ಒಂದು ಕರಿ ಪುಡಿಯ ಡಬ್ಬಿ. ಅದೂ ಗ್ರಾಫೈಟೇ. ಎಲ್ಲ ಕಡೆಯೂ ಜಾರಿಹೋಗುವ ಆ ಪುಡಿ ಬೆರಳಿನ ಜಿಡ್ಡು ಕಂಡರೆ ಮಾತ್ರ ಅಂಟಿಕೊಂಡು ಕೂರುತ್ತದೆ.

ಹಲ್ಲಿನ ಭಾಗಕ್ಕೆ ಆಡಿಸಿದರು. ಏನೂ ಬರಲಿಲ್ಲ. ಬೆನ್ನಿಗೆ ಆಡಿಸಿದರು. ಒರೆಸಿದ ಬಟ್ಟೆಯ ಎಳೆಗಳಷ್ಟೇ ಕಂಡವು. ಪುಟ್ಟಿ ಚೆನ್ನಾಗಿಯೇ ಒರೆಸಿದ್ದಳು. ಚಿಕ್ಕಮ್ಮನಿಗೆ ಒಳಗೊಳಗೇ ಹಾಯೆನಿಸಿತು. ಇಷ್ಟಕ್ಕೆ ಬಿಟ್ಟುಬಿಡಬಹುದಿತ್ತು.

ಬಿಡಲಾಗಲಿಲ್ಲ. ಹಿಡಿಯ ತುದಿಯಲ್ಲಿ, ನೇತುಹಾಕುವ ತೂತಿನ ಕೆಳಗೆ, ಹೆಬ್ಬೆರಳು ಕೂರಲೆಂದು ಒಂದು ತಗ್ಗು ಇತ್ತು. ಸುತ್ತ ಅಂಚು ಎತ್ತರ. ಬಟ್ಟೆ ಅಲ್ಲಿಗೆ ಇಳಿದಿರಲಿಲ್ಲ. ಕುಂಚವನ್ನು ಅಲ್ಲಿ ಒಮ್ಮೆ ತಿರುಗಿಸಿ, ಉಫ್ ಎಂದು ಊದಿದರು.

ಬಿಳಿಯ ಮೇಲೆ ಕಪ್ಪು ಗೆರೆಗಳು ಒಂದೊಂದಾಗಿ ಎದ್ದು ಬಂದವು. ಒಂದು ಎಡ ಹೆಬ್ಬೆರಳು. ಗೆರೆಗಳನ್ನು ಅಡ್ಡಡ್ಡ ಸೀಳಿದ ಒಂದು ಬಿಳಿ ಗೆರೆ. ಕೆಳಗೆ ಎರಡು ಕವಲು.

ಪಕ್ಕದಲ್ಲಿ ಕಾರ್ಡು ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದರು, ನೋಡಿದರು. ಮನೆಯವರ ಬೆರಳು ನೋಡುವುದಿಲ್ಲ ಎಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಟ್ಟು ಅಲ್ಲಿ, ಆ ಮೊಗಸಾಲೆಯಲ್ಲಿ ಮುರಿಯಿತು. ಅಕ್ಕ ಇವತ್ತು ಬೆಳಗ್ಗೆ ರೈಲಿಳಿದೆ ಎಂದಿದ್ದಳು. ಅವಳ ಈ ಹೆಬ್ಬೆರಳು ನಿನ್ನೆ ಮಧ್ಯಾಹ್ನ ಎದುರಿನ ಓಣಿಯಲ್ಲಿತ್ತು, ಮಗಳ ಕೈಚಳಕವನ್ನು ತನ್ನದೆಂದು ಬರೆದುಕೊಂಡ ಮುದುಕನ ಬಾಗಿಲಲ್ಲಿ.

ಚೀಲದೊಳಗೆ ಫೋನ್ ಹೊಡೆದುಕೊಂಡಿತು. ಅಕ್ಕನದೇ.

"ಏನಾಯ್ತೇ? ತಲೆ ಬಾಚ್ಕೊಂಡ್ಲಾ?"

ಎಂದಿನ ದನಿಯೇ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಪಕ್ಕದಲ್ಲಿ ಕೂತು ಹಣೆ ಸವರಿದ ದನಿ. ಚಿಕ್ಕಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಬಾಚಣಿಗೆಯನ್ನೇ ನೋಡುತ್ತಿದ್ದರು.

"ಕೇಳಿಸ್ತಾ ಇದೆಯಾ? ಅವಳಿಗೇನೂ ಆಗಲ್ಲ ತಾನೆ? ನೀನಿದ್ದೀಯಲ್ಲ, ನೀನು ಬಿಡಿಸ್ಕೊಂಡು ಬರ್ತೀಯ ಅಂತ ನನಗೆ ಗೊತ್ತು ಕಣೆ. ಮತ್ತೆ, ಆ ಬಾಚಣಿಗೆ ಅಲ್ಲೇ ಬಿಟ್ಟು ಬರಬೇಡ. ನೆನಪಿಂದ ವಾಪಸ್ ತಗೊಂಡು ಬಾ."

ಕೋಣೆಯ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರ್ ನಗುನಗುತ್ತ ಕೈ ಚಾಚಿಕೊಂಡು ಬರುತ್ತಿದ್ದ.

"ಬಿಡೋಕೆ ಹೇಳಿದ್ದೀನಿ ಮೇಡಂ. ಈಗ ನನಗೆ ಉಳಿದಿರೋದು ಆ ಪ್ಲಗ್ಗಿನ ಹೆಬ್ಬೆರಳು ಒಂದೇ. ಕಾರ್ಡು ಕೊಡಿ, ಅದ್ಯಾರದ್ದು ಅಂತ ಪತ್ತೆ ಮಾಡೇಬಿಡೋಣ."

ಅವನು ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಫೋನಿನಲ್ಲಿ ಅಕ್ಕ ಹಲೋ ಹಲೋ ಎನ್ನುತ್ತಿದ್ದಳು. ಹೊಸದಾಗಿ ಕೂತ ಕರಿ ಪುಡಿ, ಒಮ್ಮೆ ಬೆರಳಾಡಿಸಿದರೆ ಅಳಿಸಿಹೋಗುತ್ತದೆ. ಚಿಕ್ಕಮ್ಮನ ಹೆಬ್ಬೆರಳು ಬಾಚಣಿಗೆಯ ಹಿಡಿಯ ತಗ್ಗಿಗೆ ಬಂದು, ಆ ಗೆರೆಗಳಿಗೆ ಇನ್ನೇನು ತಾಗಬೇಕು, ಅಲ್ಲಿ ನಿಂತಿತು.